ಹವಳದ ದ್ವೀಪಕ್ಕೆ ಹೊರಟವಳ ಎಡಗಿವಿ

ಮೊಮ್ಮಗಳು ದುಡ್ಡು ಕೊಟ್ಟು ಸಮುದ್ರದಲ್ಲಿ ಮುಳುಗಲು ಹೊರಟಿದ್ದಾಳೆ ಅನ್ನೋ ಸುದ್ದಿ ಬಂದಾಗ ನಾನು ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದೆ. ಹೇಳಿದವನು ಮಗ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವರಿಗೆ ಜಿಪ್ಪು, ಗುಂಡಿ, ದಾರ ಮಾರುವ ಅಂಗಡಿ ಅವನದು. ಮಧ್ಯಾಹ್ನ ಊಟಕ್ಕೆ ಬಂದವನು ಕೈ ತೊಳೆಯುತ್ತ, ಬಚ್ಚಲ ಕಡೆ ಮುಖ ಮಾಡಿಕೊಂಡೇ ಅಂದ:

"ಅವ್ವಾ, ನಿನ್ನ ಮೊಮ್ಮಗಳು ಅಂಡಮಾನಿಗೆ ಹೋಗ್ತಾಳಂತ. ನೀರಾಗ ಮುಳುಗಿ ಹವಳ ನೋಡಾಕ."

"ಹವಳ ನೋಡಾಕ ಅಷ್ಟು ದೂರ ಯಾಕ? ಬೆಂಗಳೂರು ರೋಡಿನ ಬಂಗಾರದಂಗಡ್ಯಾಗ ಕುಂದ್ರಿಸಿ ತೋರಸ್ತಾರ."

"ನೀನು ಹೂಂ ಅಂದ್ರ ಹೋಗು, ಇಲ್ಲಾಂದ್ರ ಇಲ್ಲ ಅಂತ ಹೇಳೀನಿ. ಇನ್ನ ನೀನುಂಟು, ಅಕಿಯುಂಟು."

ಮುಖ ತೋರಿಸದೆ ಆಡಿದ ಮಾತಿನ ಮೇಲೆ ನನಗೆ ಯಾವತ್ತೂ ಅನುಮಾನ. ಮಗಳಿಗೆ ಬೇಡ ಅನ್ನೋ ಧೈರ್ಯ ಅವನಿಗಿಲ್ಲ. ಹೂಂ ಅಂದು ನಾಳೆ ಏನಾದರೂ ಆದರೆ ಹೊರೋ ಧೈರ್ಯವೂ ಇಲ್ಲ. ಎರಡನ್ನೂ ತಂದು ನನ್ನ ಮೊರದಲ್ಲಿ ಮೆಣಸಿನಕಾಯಿ ಜೊತೆ ಸುರುವಿ ಉಣ್ಣಲು ಕೂತ.

ಅವನಿಗೆ ಒಬ್ಬಳೇ ಮಗಳು. ಕುರುಗೋಡಿನ ಒಂದು ಸಾಲಿಯಲ್ಲಿ ವಿಜ್ಞಾನದ ಟೀಚರು. ದಿನಾ ಬಳ್ಳಾರಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವತ್ತು ಸಂಜೆ ಅವಳು ಚಪ್ಪಲಿ ಬಿಡೋದರೊಳಗೇ ಕೇಳಿದೆ.

"ಯಾರ ಜೋಡಿ?"

"ನಮ್ಮ ಸಾಲಿ ಟೀಚರ್ ಇಬ್ರು ಅಜ್ಜಿ. ಒಬ್ರು ಕನ್ನಡ, ಒಬ್ರು ಗಣಿತ. ಇಬ್ರೂ ಹೆಂಗಸರೇ. ನಾನು ಹೊಂಟೀನಿ ಅಂತನ ಅವರ ಮನ್ಯಾಗ ಒಪ್ಯಾರ."

"ಅಂದ್ರ ಅವರ ಮನಿಯವರು ನಿನ್ನ ನಂಬ್ಯಾರ, ನಿಮ್ಮಪ್ಪ ನನ್ನ ನಂಬ್ಯಾನ. ನಾನು ಯಾರನ್ನ ನಂಬಲಿ?"

"ನನ್ನ ನಂಬು."

"ಅದನ್ನ ಆಮ್ಯಾಲೆ ನೋಡೋಣ."

ಹವಳ ಅಂದರೆ ಕಲ್ಲು ಅಂತಲೇ ನಾನು ತಿಳಿದದ್ದು. ನನ್ನ ತಾಳಿಸರದಲ್ಲೂ ಇದ್ದವು. ಗಂಡ ಹೋದ ಮೇಲೆ ಬಿಚ್ಚಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅವು ಕಲ್ಲೇ ಅಲ್ಲವಂತೆ. ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಾಣಿಗಳು ನೀರಿನೊಳಗೆ ಕೂಡಿ ಕಟ್ಟಿಕೊಂಡ ಮನೆಯಂತೆ. ಬೆರಳಗಲ ಬೆಳೆಯಲು ವರ್ಷಗಟ್ಟಲೆ ಬೇಕು, ಒಂದು ಕಾಲಿನ ಒದೆತಕ್ಕೆ ಮುರಿಯುತ್ತದೆ ಅಂದಳು.

"ಅಂದ್ರ ನಾನು ಇಷ್ಟು ವರ್ಷ ಹುಳದ ಮನಿ ಕೊರಳಾಗ ಕಟ್ಟಿಕೊಂಡು ತಿರುಗೀನಿ ಅಂತೀಯೇನು?"

"ಹೌದು ಅಜ್ಜಿ."

"ಪುಣ್ಯಾಕ್ಕ ನಿಮ್ಮಜ್ಜಗ ಗೊತ್ತಿರಲಿಲ್ಲ. ಗೊತ್ತಿದ್ರ ಇನ್ನೂ ಅಗ್ಗದ್ದು ತರ್ತಿದ್ದ."

ಆಮೇಲೆ ಅವಳ ಕಟ್ಟಳೆಗಳು ಶುರುವಾದವು. ಬಿಸಿಲಿನ ಕ್ರೀಮು ಹಚ್ಚಿಕೊಂಡು ನೀರಿಗೆ ಇಳಿಯಬಾರದು, ಅದರೊಳಗಿನ ಔಷಧ ಹವಳಕ್ಕೆ ಆಗೋದಿಲ್ಲ. ಅದಕ್ಕೇ ಮೈತುಂಬ ಮುಚ್ಚುವ ತುಂಬುತೋಳಿನ ಅಂಗಿ. ಹವಳ ಮುಟ್ಟಬಾರದು, ಅದರ ಮೇಲೆ ನಿಲ್ಲಬಾರದು. ಸತ್ತ ಚಿಪ್ಪನ್ನೂ ಎತ್ತಿ ತರಬಾರದು. ತಿಂದ ಬಿಸ್ಕತ್ತಿನ ಹಾಳಿ ಸುದ್ದಾ ಚೀಲದಲ್ಲಿ ಹಾಕಿಕೊಂಡು ವಾಪಸ್ ಬಳ್ಳಾರಿಗೆ ತರಬೇಕು. ಮೀನಿಗೆ ಏನೂ ಹಾಕಬಾರದು.

"ಮೀನಿಗೆ ಮಂಡಕ್ಕಿ ಹಾಕಿದ್ರ ಪುಣ್ಯ ಬರ್ತೈತಲೇ."

"ಅದು ಗುಡಿ ಹೊಂಡದಾಗ. ಅಲ್ಲಿ ಮೀನು ಹವಳದ ಮ್ಯಾಲಿನ ಪಾಚಿ ತಿಂದು ಹಸನು ಮಾಡ್ತಾವು. ಮಂಡಕ್ಕಿ ಸಿಕ್ರ ಪಾಚಿ ತಿನ್ನೋರು ಯಾರು?"

"ಗಂಗಮ್ಮಗ ಉಡಿ?"

ನಮ್ಮ ಕಡೆ ಹೆಣ್ಣುಮಕ್ಕಳು ದೊಡ್ಡ ನೀರನ್ನು ಮೊದಲ ಸಲ ಕಂಡರೆ ಬರಿಗೈಲಿ ಇಳಿಯೋದಿಲ್ಲ. ಕುಬಸದ ಕಣ, ಹಸಿರು ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು ನೀರಿಗೆ ಬಿಟ್ಟು, ಕೈಮುಗಿದು, ಆಮೇಲೆ ಕಾಲಿಡೋದು. ಅದೂ ಇಲ್ಲ ಅಂದಳು. ಸಮುದ್ರಕ್ಕೆ ಏನೂ ಹಾಕೋಹಂಗಿಲ್ಲ.

"ದೇವರಿಗೂ ಇಲ್ಲ, ಮೀನಿಗೂ ಇಲ್ಲ. ಹಿಂದಿನ ಓಣ್ಯಾಗ ಜೀನ್ಸ್ ತೊಳೆದ ನೀರು ಮೋರಿ ತುಂಬ ನೀಲಿ ಹರೀತೈತಿ. ಅದಕ್ಕ ಯಾರೂ ಕಟ್ಟಳಿ ಮಾಡ್ಲಿಲ್ಲ. ನನ್ನ ಒಂದು ತುಂಡು ಕಣಕ್ಕ ಮಾಡೀರಿ."

"ಅದಕ್ಕೂ ಮಾಡ್ಬೇಕು ಅಜ್ಜಿ. ಯಾರು ಬ್ಯಾಡ ಅಂದ್ರು?"

ನಾನು ಎದ್ದು ಒಳಗೆ ಹೋದೆ. ಆದರೆ ಒಲೆ ಮುಂದೆ ಕೂತರೂ ತಲೆ ಸುಮ್ಮನಿರಲಿಲ್ಲ. ಇಷ್ಟು ಚೊಕ್ಕಟ ಮಾತು ಎಲ್ಲಿಂದ ಬಂತು? ಇದನ್ನೆಲ್ಲ ಹೇಳಿಕೊಟ್ಟು ಮುಂಗಡ ಇಸಿದುಕೊಳ್ಳೋನು ಒಬ್ಬ ಇರಲೇಬೇಕು. ಅವನನ್ನು ನೋಡದೆ ಹೂಂ ಅನ್ನೋದಿಲ್ಲ ಅಂತ ಅಲ್ಲಿಂದಲೇ ಕೂಗಿ ಹೇಳಿದೆ.

ಪ್ರವಾಸಕ್ಕೆ ಕಳಿಸೋ ಅವನ ಆಫೀಸು ಕೌಲ್ ಬಜಾರಿನಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮಹಡಿ ಮೇಲೆ. ಮೆಟ್ಟಿಲು ಹತ್ತುವಾಗ ಗೋಡೆಯಾಚೆಯಿಂದ ಹೊಲಿಗೆ ಮಷೀನುಗಳ ಸದ್ದು ಮೊಣಕಾಲಿಗೆ ತಾಗುತ್ತಿತ್ತು. ಒಳಗೆ ಗೋಡೆ ತುಂಬ ನೀಲಿ ಸಮುದ್ರದ ಚಿತ್ರ. ಆತ ಎದ್ದು ನಿಂತು "ಬರ್ರಿ ಅಮ್ಮಾ" ಅಂದ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವನ ಬೆರಳಿನ ಹವಳದ ಉಂಗುರ.

"ಹವಳ ಮುಟ್ಟಬಾರದು ಅಂತ ಇವಳಿಗೆ ಹೇಳೀರಿ. ನೀವು ಬೆರಳಿಗೇ ಹಾಕ್ಕೊಂಡೀರಿ?"

ಅವನು ಉಂಗುರ ನೋಡಿಕೊಂಡು ನಕ್ಕ. "ಇದು ನಮ್ಮ ಮಾವನೋರು ಹಾಕಿದ್ದಮ್ಮಾ. ತಗದ್ರ ಮನ್ಯಾಗ ಅನ್ನ ಸಿಗಲ್ಲ."

ಉತ್ತರ ಬೇಗ ಬಂತು. ಬೇಗ ಬಂದದ್ದು ಮೊದಲೇ ಮಾಡಿಟ್ಟ ಉತ್ತರ ಇರಬಹುದು ಅಂದುಕೊಂಡು ಕುರ್ಚಿಯಲ್ಲಿ ಕೂತೆ.

"ಇವಳು ಕೆಳಗ ಹೋದ ಮ್ಯಾಲೆ ಉಸಿರು ಯಾರ ಕೈಯಾಗ?"

"ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ತಾರ, ಬಾಯಾಗ ನಳಿಗಿ. ಒಬ್ಬೊಬ್ಬರ ಜೋಡಿ ಒಬ್ಬೊಬ್ಬ ಕಲಿಸೋನು ಇಳೀತಾನ, ಕೈ ಬಿಡಲ್ಲ. ಮೊದಲು ದಂಡ್ಯಾಗ ಎದಿಮಟ ನೀರಾಗ ಕಲಸ್ತಾರ. ಅದು ಬಂದ್ರ ಮಾತ್ರ ಒಳಗ. ಬರಲಿಲ್ಲಾಂದ್ರ ಮ್ಯಾಲೆ ತೇಲ್ಕೊಂತ ನೋಡೋದು. ಮುಖಕ್ಕ ಕನ್ನಡಕ, ಬಾಯಿಗೆ ಕೊಳವಿ, ಅಷ್ಟ."

"ಗಾಳಿ ಮಳಿ ಬಂದ್ರ?"

"ದೋಣಿ ಬಿಡಲ್ಲ. ಮಳಿಗಾಲದಾಗ ನಾನು ಯಾರನ್ನೂ ಕಳಿಸೋದೇ ಇಲ್ಲ."

"ಆ ದೋಣಿ ಎಲ್ಲಿ ಕಟ್ತಾರ? ಲಂಗರು ಒಗೆದು ಹವಳ ಮುರಿಯೋರು ಇರ್ತಾರಂತ." ಇದು ಮೊಮ್ಮಗಳಿಂದ ಕೇಳಿಸಿಕೊಂಡ ಪ್ರಶ್ನೆ. ನಾನು ಕೇಳಿದ್ದಕ್ಕೆ ಅವಳಿಗೇ ನಗು ಬಂತು.

"ಅಂಥೋರ ಕಡೆ ನಾನು ಹೋಗಲ್ಲಮ್ಮಾ. ನೀರಿನ ಮ್ಯಾಲೆ ಮೊದ್ಲೇ ಒಂದು ತೇಲೋ ಡಬ್ಬಿ ಕಟ್ಟಿರ್ತಾರ, ಹಗ್ಗ ಅದಕ್ಕ ಹಾಕ್ತಾರ. ಇನ್ನೊಂದು ಮಾತು. ಕಡೀ ಸಲ ಮುಳುಗಿದ ಮ್ಯಾಲೆ ಒಂದು ದಿನ ಅಲ್ಲೇ ಉಳೀಬೇಕು. ಕೂಡ್ಲೆ ವಿಮಾನ ಹತ್ತಿದ್ರ ರಕ್ತದಾಗ ಗಾಳಿ ಗುಳ್ಳಿ ಏಳ್ತಾವು."

ಇಲ್ಲಿ ಸಿಕ್ಕಿಬಿದ್ದ ಅಂದುಕೊಂಡೆ. ಲಾಡ್ಜಿನವನಿಗೆ ಒಂದು ದಿನದ ಬಾಡಿಗೆ ಜಾಸ್ತಿ ಸಿಗಲಿ ಅಂತ ಹುಡುಗಿಯರ ರಕ್ತದಲ್ಲಿ ಗುಳ್ಳೆ ಎಬ್ಬಿಸುತ್ತಾನೆ. ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಳ್ಳುವಷ್ಟರಲ್ಲಿ ಅವನು ಇನ್ನೊಂದು ಅಂದ.

"ಕೊರಳಾಗ, ಕಿವ್ಯಾಗ, ಕೈಯಾಗ ಇದ್ದದ್ದೆಲ್ಲ ತಗದು ಅವರ ಕೈಗೆ ಕೊಡಬೇಕು. ಒಂದು ಪೆಟಿಗ್ಯಾಗ ಇಟ್ಟಿರ್ತಾರ."

ನನ್ನ ಮೈ ಉರಿಯಿತು. ಈ ಮಾತು ನನಗೆ ಹೊಸದಲ್ಲ. ನಮ್ಮ ಓಣಿಯ ಒಬ್ಬಾಕೆಗೆ ಮೋಟರ್ ಸೈಕಲ್ ಮೇಲೆ ಬಂದ ಇಬ್ಬರು, "ನಾವು ಪೊಲೀಸರು, ಮುಂದಿನ ಸಂದ್ಯಾಗ ಕಳ್ಳರು ಅದಾರ, ಸರ ತಗದು ಈ ಹಾಳ್ಯಾಗ ಕಟ್ಟಿಟ್ಟುಕೊಳ್ರಿ" ಅಂದಿದ್ದರು. ಅವರೇ ಕಟ್ಟಿಯೂ ಕೊಟ್ಟಿದ್ದರು. ಮನೆಗೆ ಬಂದು ಬಿಚ್ಚಿದರೆ ಒಳಗೆ ಗರಸು ಕಲ್ಲು. ಅವತ್ತಿನಿಂದ, ಕೊರಳಿನದು ತೆಗಿ ಅಂದವನು ಯಾರೇ ಆಗಲಿ, ನನ್ನ ಲೆಕ್ಕದಲ್ಲಿ ಅವನು ಆ ಮೋಟರ್ ಸೈಕಲ್ ಇಳಿದು ಬಂದವನೇ.

"ಲಿಂಗಾನೂ ತಗೀಬೇಕೇನು?"

ಅವನು ಗಾಬರಿಯಾದ. "ಅಯ್ಯೋ, ಅದನ್ನ ನಾನು ಹ್ಯಾಂಗ ಹೇಳಲಮ್ಮಾ? ನೇತಾಡಬಾರದು, ಅಷ್ಟ. ನೇತಾಡಿದ್ರ ನಳಿಗಿಗೆ ಸಿಗಬೀಳ್ತೈತಿ, ಇಲ್ಲಾ ಹವಳಕ್ಕ ತೊಡರತೈತಿ. ಅಂಗಿ ಒಳಗ ತೋಳಿಗೆ ಬಿಗಿಯಾಗಿ ಕಟ್ಟಿದ್ರ ನಡೀತೈತಿ. ಸರ ಬೇಕಾದ್ರ ಊರಾಗೇ ಬಿಟ್ಟು ಹೋಗ್ರಿ, ನಮ್ಮ ಪೆಟಿಗಿನೇ ಬ್ಯಾಡ."

ಊರಲ್ಲೇ ಬಿಟ್ಟು ಹೋಗಿ ಅನ್ನೋ ಕಳ್ಳನನ್ನು ನಾನು ಕಂಡಿಲ್ಲ. ಸ್ವಲ್ಪ ಮೆತ್ತಗಾದೆ. ಆಗ ಅವನು ಮೊಮ್ಮಗಳ ಕಡೆ ತಿರುಗಿದ.

"ಉಬ್ಬಸ, ಎದಿನೋವು, ಕಿವಿ ಸೋರೋದು ಏನಾದ್ರೂ ಐತೇನಮ್ಮಾ? ಇದ್ರ ಈಗ್ಲೇ ಹೇಳ್ರಿ. ಕೆಳಗ ಇಳಿದಂಗೆಲ್ಲ ನೀರು ಕಿವಿ ಒತ್ತತೈತಿ. ಮೂಗು ಹಿಡಿದು ಊದಿ ಸಮ ಮಾಡ್ಕೋಬೇಕು. ಕಿವಿ ಸರಿ ಇಲ್ಲದೋರನ್ನ ನಾವು ಇಳಿಸಲ್ಲ."

"ಏನೂ ಇಲ್ಲ ಸರ್."

"ಸಣ್ಣಾಗಿದ್ದಾಗ?"

"ಇಲ್ಲ."

ಅವಳು ನನ್ನ ಕಡೆ ನೋಡಲಿಲ್ಲ. ಗೋಡೆ ಮೇಲಿನ ಸಮುದ್ರ ನೋಡುತ್ತ ಹೇಳಿದಳು. ಅವಳಪ್ಪ ಬಚ್ಚಲ ಕಡೆ ನೋಡುತ್ತ 'ನೀನುಂಟು ಅಕಿಯುಂಟು' ಅಂದ ಹಂಗೆ.

ಆ ಕಿವಿಯನ್ನು ಎಷ್ಟು ಸಲ ಹಸನು ಮಾಡಿದ್ದೇನೋ ನಾನು. ಸಣ್ಣವಳಿದ್ದಾಗ ಎಡಗಿವಿ ಸೋರಿ ದಿಂಬು ನಾರುತ್ತಿತ್ತು. ತೊಡೆ ಮೇಲೆ ತಲೆ ಇಟ್ಟುಕೊಂಡು ಅರಳೆಯ ಬತ್ತಿ ಹೊಸೆದು ಒರೆಸುತ್ತಿದ್ದೆ. ದೊಡ್ಡವಳಾದ ಮೇಲೆ ಸೋರೋದು ನಿಂತಿತು. ಆದರೆ ಈಗಲೂ ತಲೆಗೆ ನೀರು ಹಾಕಿಕೊಳ್ಳುವ ದಿನ ಆ ಕಿವಿಗೆ ಎಣ್ಣೆಯಲ್ಲಿ ಅದ್ದಿದ ಅರಳೆ ಇಟ್ಟುಕೊಳ್ಳುತ್ತಾಳೆ. ಬಚ್ಚಲ ಗೂಡಿನಲ್ಲಿ ಆ ಉಂಡೆ ಕಂಡಾಗೆಲ್ಲ ಎತ್ತಿ ಎಸೆಯೋಳು ನಾನೇ. ಏನೂ ಇಲ್ಲದ ಕಿವಿಗೆ ಅರಳೆ ಯಾಕೆ?

ಹೊರಗಿನವನ ಮುಂದೆ ಮನೆ ಹುಡುಗಿಯನ್ನು ಸುಳ್ಳುಗಾರ್ತಿ ಮಾಡಬಾರದು ಅಂತ ಬಾಯಿ ಕಟ್ಟಿಕೊಂಡೆ. ಕೆಳಗಿಳಿಯುವಾಗ ಅವಳೇ ಕೇಳಿದಳು.

"ಅವನ ಮ್ಯಾಲಿನ ಅನುಮಾನ ಹೋತಾ ಅಜ್ಜಿ?"

"ಅವನ ಮ್ಯಾಲಿಂದು ಹೋತು" ಅಂದೆ.

ಮತ್ತೆ ಯಾರ ಮೇಲಿನದು ಉಳಿಯಿತು ಅಂತ ಅವಳು ಕೇಳಲಿಲ್ಲ. ಅವಳೇನು ದಡ್ಡಿಯಲ್ಲ.

ಭಾನುವಾರ ಸಿರುಗುಪ್ಪಕ್ಕೆ ಹೊರಡಿಸಿದೆ. ಅಲ್ಲಿ ನಮ್ಮಣ್ಣ ಇದ್ದಾನೆ. ವಯಸ್ಸಾಗಿದೆ, ನೋಡಿ ಬರೋಣ ಅಂದೆ. ಬಸ್ಸಿನಲ್ಲಿ ಅವಳು ಖುಷಿಯಾಗೇ ಇದ್ದಳು. ತೆಕ್ಕಲಕೋಟೆ ದಾಟಿ ಎರಡೂ ಕಡೆ ಭತ್ತದ ಗದ್ದೆ ಶುರುವಾದ ಮೇಲೆ, ಕಿಟಕಿ ಕಡೆ ತಿರುಗಿ ಮೂಗು ಹಿಡಿದು ಊದೋದು, ಬಿಡೋದು, ಮತ್ತೆ ಊದೋದು.

"ಏನದು?"

"ಅಭ್ಯಾಸ ಅಜ್ಜಿ. ಅಂವ ಹೇಳಿದ್ನಲ್ಲ."

ಬಸ್ಸಿನ ಸದ್ದಿನಲ್ಲಿ ನನಗೆ ಬೇಕಾದದ್ದು ಕೇಳುತ್ತಿರಲಿಲ್ಲ.

ಅಣ್ಣ ಬಾಗಿಲ ಮುಂದೆ ಹೊರಸಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಚಾ ಕುಡಿದೆವು, ಮೊಮ್ಮಗಳ ಸಾಲಿ ಮಾತು ಆಯಿತು. ಆಮೇಲೆ ನಾನು ಅಂದೆ:

"ಅಣ್ಣಾ, ನಿನ್ನ ಕಿವಿ ಆಟ ಇನ್ನೂ ಬರ್ತೈತೋ, ಮರ್ತೀಯೋ?"

"ಮರೆಯಾಕ ಅದೇನು ಸಾಲಿ ಪಾಠಾನಾ?"

ಉದ್ದಕ್ಕೆ ಒಂದು ದಮ್ಮು ಎಳೆದ. ಬಾಯಿ ಮುಚ್ಚಿದ, ಮೂಗು ಹಿಡಿದ, ಗಲ್ಲ ಉಬ್ಬಿಸಿ ಊದಿದ. ಬಲಗಿವಿಯಿಂದ ದಾರದಷ್ಟು ಸಣ್ಣಗೆ ಹೊಗೆ ಎದ್ದಿತು.

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. "ಅಜ್ಜಾ, ಇನ್ನೊಮ್ಮೆ! ನಮ್ಮ ಹುಡುಗರಿಗೆ ತೋರಸ್ತೀನಿ" ಅಂತ ಫೋನು ತೆಗೆದಳು. ತೆಗೆದ ಕೈ ಹಾಗೇ ನಿಂತಿತು. ಟೀಚರಲ್ಲವೇ, ಹೊಗೆ ಯಾವ ದಾರಿಯಿಂದ ಬಂತು ಅಂತ ಅವಳಿಗೆ ನಾನು ಹೇಳಬೇಕಾಗಿರಲಿಲ್ಲ.

"ಸಣ್ಣಾಂವ ಇದ್ದಾಗ ಸೋರ್ತಿತ್ತವ್ವಾ" ಅಂದ ಅಣ್ಣ, ಕಿವಿ ತಿಕ್ಕಿಕೊಳ್ಳುತ್ತ. "ಒಳಗಿನ ತಮಟಿ ಹರದೈತಿ. ಸೋರೋದು ನಿಂತ್ರೂ ತೂತು ಮುಚ್ಚಲಿಲ್ಲ."

"ಹೊಳ್ಯಾಗ ಮುಳುಗಿದ್ದು ಹೇಳು."

"ಅದನ್ಯಾಕ ಹೇಳಸ್ತಿ? ನಗ್ತಾರ."

"ಹೇಳು."

"ಹೇಳೋದೇನು. ಪಂಥ ಕಟ್ಟಿ ಹೊಳಿಗೆ ಹಾರಿದ್ದೆ. ತಣ್ಣನ್ನ ನೀರು ಕಿವ್ಯಾಗ ಹೊಕ್ಕ ಕೂಡ್ಲೆ ಲೋಕ ಗರಗರ ತಿರುಗಿತು ನೋಡು. ಮ್ಯಾಲೆ ಯಾವುದು, ಕೆಳಗ ಯಾವುದು ತಿಳೀಲಿಲ್ಲ. ಮ್ಯಾಲೆ ಬರಾಕ ಹತ್ತೀನಿ ಅಂತ ತಿಳದು ತಳದ ಉಸುಕು ಕೆದರಾಕ ಹತ್ತಿದ್ದೆ. ಎಮ್ಮಿ ತೊಳಿಯೋನೊಬ್ಬ ಕೂದಲು ಹಿಡಿದು ಎಳದ. ದಂಡಿಗೆ ಬಂದು ಉಂಡದ್ದೆಲ್ಲ ಕಾರಿಕೊಂಡೆ. ಕುಡದಾನ ಅಂತ ಎಲ್ಲಾರೂ ನಕ್ರು. ಈ ನಿಮ್ಮಜ್ಜಿನೂ."

"ನಕ್ಕೆ" ಅಂದೆ. "ಕುಡದಾನ ಅಂತನ ನಾನೂ ತಿಳಿದಿದ್ದೆ."

ಅಣ್ಣನಿಗೆ ನಾನು ಯಾಕೆ ಇದನ್ನೆಲ್ಲ ಹೇಳಿಸುತ್ತಿದ್ದೇನೆ ಅಂತ ಗೊತ್ತಿರಲಿಲ್ಲ. ಅವನು ಇನ್ನೊಂದು ಬೀಡಿ ಹಚ್ಚಿದ. ನಾನು ಮೊಮ್ಮಗಳನ್ನು ಹತ್ತಿರ ಕರೆದು ಅವಳ ಎಡಗಿವಿಗೆ ನನ್ನ ಕಿವಿ ಹಚ್ಚಿದೆ.

"ಬಸ್ಸಿನ್ಯಾಗ ಊದಿದಂಗ ಊದು."

"ನನಗ್ಯಾಕ ಅಜ್ಜಿ?"

"ಊದಲೇ."

ಊದಿದಳು. ಸುಂಯ್ ಅಂತು. ಸೈಕಲ್ ಟ್ಯೂಬಿನಲ್ಲಿ ಸಣ್ಣ ಮುಳ್ಳಿನ ತೂತಿದ್ದರೆ ಹೆಂಗೆ ಅನ್ನುತ್ತದೋ ಹಂಗೆ.

ಸಿರುಗುಪ್ಪ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಹೇಳಿದೆ. ಅವಳು ಪ್ಲೇಟು ಮುಟ್ಟಲಿಲ್ಲ.

"ಇದನ್ನ ಅವತ್ತ ಕೇಳಬಹುದಿತ್ತಲ್ಲ. ಇಲ್ಲಿಮಟ ಯಾಕ ಕರಕೊಂಡು ಬಂದಿ?"

"ಕೇಳಿದ್ರ ಇಲ್ಲ ಅಂತಿದ್ದಿ. ಅವನ ಮುಂದ ಅಂದಿಯಲ್ಲ."

"ಈಗ ಸೋರಂಗಿಲ್ಲ ಅಜ್ಜಿ. ಎಷ್ಟೋ ವರ್ಷ ಆತು."

"ಮತ್ತ ಅರಳಿ ಯಾಕ?"

ಪ್ಲೇಟು ಪಕ್ಕಕ್ಕೆ ಸರಿಸಿದಳು. ಆಮೇಲೆ ಒಮ್ಮೆಲೇ ಹೇಳಿದಳು. ವರ್ಷಾ ವರ್ಷಾ ಹುಡುಗರಿಗೆ ಪುಸ್ತಕದ ಚಿತ್ರ ತೋರಿಸಿ ಹವಳ ಜೀವ ಇರೋದು ಅಂತ ಹೇಳುತ್ತಾಳಂತೆ. ಕುರುಗೋಡಿನ ಹುಡುಗರು, ಸುತ್ತ ಬರೀ ಗುಡ್ಡದ ಕಲ್ಲು ನೋಡಿ ಬೆಳೆದವರು, "ಟೀಚರ್, ನೀವು ನೋಡೀರೇನು?" ಅಂತ ಕೇಳುತ್ತಾರಂತೆ. ಇಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ ಅಂದಳು. "ನಾನು ಬಿಟ್ರ ಅವರಿಬ್ರದೂ ನಿಲ್ತೈತಿ. ನನ್ನ ಮಾತಿನ ಮ್ಯಾಲೆ ಮನ್ಯಾಗ ಬಿಟ್ಟಾರ. ಒಂದ ಸಲ ಅಜ್ಜಿ. ಒಂದು ತಾಸು ಇಲ್ಲದ ಕೆಲಸ."

"ನಮ್ಮಣ್ಣಗ ಲೋಕ ತಿರುಗಾಕ ಒಂದು ತಾಸು ಬೇಕಾಗಲಿಲ್ಲ."

"ನನಗ ಹಂಗ ಆಗ್ತೈತಿ ಅಂತ ಏನು ಗ್ಯಾರಂಟಿ?"

"ಆಗಂಗಿಲ್ಲ ಅಂತ ಏನು ಗ್ಯಾರಂಟಿ? ಹವಳ ಮುಟ್ಟಬಾರದು ಅಂತ ನನಗ ಪಾಠ ಹೇಳಿದಿ. ತಲಿ ತಿರುಗಿ ಮ್ಯಾಲೆ ಕೆಳಗ ತಿಳೀದಂಗ ಆದಾಗ ನಿನ್ನ ಕೈ ಎಲ್ಲಿ ಹೋಗ್ತೈತಿ? ಸಿಕ್ಕದ್ದು ಹಿಡೀತೈತಿ. ಕಾಲು ಸಿಕ್ಕದ್ದು ಒದೀತೈತಿ. ಆ ಹುಳದ ಮನಿ ಮ್ಯಾಲೆ ಇಷ್ಟು ಕಾಳಜಿ ಐತಿ. ನಿನ್ನ ಜೋಡಿ ಕೈ ಹಿಡಿದು ಇಳಿಯೋನ ಮ್ಯಾಲೆ ಇಲ್ಲ, ನಿನ್ನ ಮ್ಯಾಲೆ ಮೊದ್ಲೇ ಇಲ್ಲ."

ಅವಳು ಅಳಲಿಲ್ಲ. ಮಿರ್ಚಿಯ ತೊಟ್ಟು ಹಿಡಿದು ತಿರುಗಿಸುತ್ತ ಕೂತಳು. ಬಸ್ಸು ಬಂತು. ಅವಳ ಪ್ಲೇಟಿನದನ್ನೂ ಹಾಳಿಯಲ್ಲಿ ಕಟ್ಟಿಸಿಕೊಂಡೆ. ಕೊಟ್ಟ ದುಡ್ಡು ಬಿಟ್ಟು ಬರೋ ಪೈಕಿ ನಾನಲ್ಲ.

ನನ್ನ ಕಿವಿಯ ಮೇಲೂ ನನಗೆ ಅನುಮಾನ ಬಂತು. ಸುಂಯ್ ಅಂದದ್ದು ನಿಜವೋ, ನನಗೆ ಬೇಕಾಗಿತ್ತು ಅಂತ ಕೇಳಿತೋ? ಬಳ್ಳಾರಿಯಲ್ಲಿ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ದೀಪ ಹಿಡಿದು ನೋಡಿ, ಎಡಗಿವಿಯ ತಮಟೆಯಲ್ಲಿ ಹಳೇ ತೂತು ಹಾಗೇ ಇದೆ ಅಂದರು. ಸಿಲಿಂಡರ್ ಕಟ್ಟಿ ಇಳಿಯೋದು ಬೇಡವೇ ಬೇಡ. ತೇಲುತ್ತ ನೋಡುವಾಗಲೂ ತಲೆ ನೀರೊಳಗೆ ಹೋಗುತ್ತದೆ, ಅದೂ ಬೇಡ. ಆಪರೇಷನ್ ಮಾಡಿ ತೂತಿಗೆ ತೇಪೆ ಹಾಕಬಹುದು. ಅದು ಕೂಡಿ, ಮಾಗಿ, ಎಲ್ಲ ನೋಡಿದ ಮೇಲೆ ಬೇಕಾದರೆ ಮುಳುಗೋ ಮಾತು. ಅದಕ್ಕೂ ಈಗಲೇ ಮಾತು ಕೊಡೋದಿಲ್ಲ ಅಂದರು.

"ಡಾಕ್ಟ್ರೇ, ಮುಳುಗಿದ ಮ್ಯಾಲೆ ವಿಮಾನ ಹತ್ತಿದ್ರ ರಕ್ತದಾಗ ಗುಳ್ಳಿ ಏಳೋದು ಖರೇನಾ?"

"ಖರೇ ಅಮ್ಮಾ. ಒಂದು ದಿನ ಬಿಡಲೇಬೇಕು."

ಹಾಗಾದರೆ ಆ ಹವಳದುಂಗುರದವನು ಒಂದೂ ಸುಳ್ಳು ಹೇಳಿರಲಿಲ್ಲ. ಇಷ್ಟು ದಿನ ನಾನು ಬೇರೆ ಮರದ ಬುಡ ಅಗೆಯುತ್ತಿದ್ದೆ.

ಮೊಮ್ಮಗಳು ನನ್ನ ಜೊತೆ ಮಾತು ಬಿಟ್ಟಳು. ತಟ್ಟೆ ಸರಿಸೋದು, ಹೂಂ, ಉಹೂಂ, ಅಷ್ಟೇ. ಮಗ ಎರಡೂ ಕಡೆ ನೋಡಿ ಬೇಗ ಬೇಗ ಅಂಗಡಿಗೆ ಹೋಗುತ್ತಿದ್ದ. ನನಗೆ ಭಯ ಇತ್ತು, ಇಲ್ಲ ಅನ್ನೋದಿಲ್ಲ. ಡಾಕ್ಟರು ಹೇಳಿದ್ದು ಇಲ್ಲಿ ಬಳ್ಳಾರಿಯಲ್ಲಿ. ಅಲ್ಲಿ ಸಮುದ್ರದ ನಡುವೆ ಯಾರು ನೋಡುತ್ತಾರೆ? ಏನೂ ಇಲ್ಲ ಸರ್ ಅಂತ ಒಮ್ಮೆ ಅಂದ ಬಾಯಿಗೆ ಎರಡನೇ ಸಲ ಅನ್ನೋದು ಸುಲಭ. ನಾನೇ ಹೋಗಿ ಆ ಮಹಡಿ ಹತ್ತಿ ಹೇಳಿಬಿಡಲೇ ಅಂತ ಸೀರೆ ಉಟ್ಟು ನಿಂತಿದ್ದೂ ಉಂಟು. ಹೋಗಲಿಲ್ಲ. ನಾನು ಹೇಳಿದರೆ ಅವಳ ಮಾತಿನ ಬೆಲೆ ಅವಳಿಗೆ ವಾಪಸ್ ಸಿಗೋದಿಲ್ಲ.

ಒಂದು ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ಅಡಿಗೆಮನೆಗೆ ಬಂದು, ನನ್ನ ಎದುರು ನಿಂತು, ಫೋನು ಹಚ್ಚಿ, ನನಗೂ ಕೇಳೋ ಹಂಗೆ ದನಿ ಜೋರು ಮಾಡಿದಳು.

"ಸರ್, ನಾನು ಅವತ್ತು ಸುಳ್ಳು ಹೇಳಿದ್ದೆ. ನನ್ನ ಎಡಗಿವಿಯಾಗ ತೂತು ಐತಿ. ಡಾಕ್ಟರ್ ಬ್ಯಾಡ ಅಂದಾರ."

ಆ ಕಡೆ ಹೊಲಿಗೆ ಮಷೀನಿನ ಸದ್ದಿನ ನಡುವೆ ಅವನೆಂದ: "ಈಗ ಹೇಳಿದ್ರಲ್ಲ, ಚಲೋ ಆತಮ್ಮಾ. ಅಲ್ಲಿ ಇಳಿದ ಮ್ಯಾಲೆ ಗೊತ್ತಾಗಿದ್ರ ನಿಮಗೂ ಕಷ್ಟ, ನಿಮ್ಮ ಜೋಡಿ ಇಳಿದೋನಿಗೂ ಕಷ್ಟ. ನಿಮ್ಮ ಟೀಚರ್ ಇಬ್ರೂ ಇಳೀಲಿ, ನೀವು ದೋಣ್ಯಾಗ ಇರ್ರಿ. ದೋಣಿಯೋರ ಹತ್ರ ಕಟಗಿ ಪೆಟಿಗಿ ಇರ್ತೈತಿ, ತಳಕ್ಕ ಗಾಜು ಹಾಕಿದ್ದು. ಅದನ್ನ ನೀರಿನ ಮ್ಯಾಲೆ ಒತ್ತಿ ಹಿಡಿದು ಒಳಗ ನೋಡ್ರಿ. ಕಿವಿಗೆ ಹನಿ ತಾಗಲ್ಲ."

ಅವಳು ಫೋನು ಇಟ್ಟು ನನ್ನ ಮುಖ ನೋಡಿದಳು. ನಾನು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಹೋಗಿ ಬಾ" ಅಂದೆ.

ಉಡಿ ಮಾತ್ರ ಬಿಡಲಿಲ್ಲ. ಕಣ, ಬಳೆ, ಅಕ್ಕಿ, ಕೊಬ್ಬರಿ, ಅರಿಷಿಣ. ಪ್ಲಾಸ್ಟಿಕ್ ಕವರೆಲ್ಲ ಬಿಚ್ಚಿ, ಜೀನ್ಸ್ ತುಂಡಿನಲ್ಲಿ ಹೊಲಿದ ಚೀಲಕ್ಕೆ ಹಾಕಿದೆ. "ನೀರಿಗೆ ಬ್ಯಾಡ. ದೋಣಿಯೋನ ಹೆಂಡ್ತಿಗೆ ಕೊಟ್ಟು ಕೈಮುಗಿ. ನೀರಿನ ಮ್ಯಾಲೆ ಬದುಕೋಳು, ಅಕಿನೂ ಗಂಗಮ್ಮನ ಪೈಕಿನ" ಅಂದೆ. ಅದಕ್ಕೆ ಅವಳ ಯಾವ ಕಟ್ಟಳೆಯೂ ಅಡ್ಡ ಬರಲಿಲ್ಲ. ಡಬ್ಬಿಯಲ್ಲಿದ್ದ ನನ್ನ ಹವಳಗಳನ್ನೂ ಅವುಗಳ ಊರಿಗೆ ಬಿಟ್ಟು ಬಾ ಅಂದೆ. "ಏನೂ ಹಾಕೋಹಂಗಿಲ್ಲ ಅಂತ ಎಷ್ಟು ಸಲ ಹೇಳ್ಬೇಕು?" ಅಂತ ಬೈದಳು. ಮಾತು ಬಿಟ್ಟ ಮೇಲೆ ಅದೇ ಮೊದಲನೇ ಬೈಗಳು. ಕೇಳಲು ಚೆನ್ನಾಗಿತ್ತು.

ಅವಳು ಸಮುದ್ರದ ಮೇಲೆ ಹೋದ ದಿನ ಬಿಸಿಲು ಇಳಿಯುವ ಹೊತ್ತಿಗೆ ಮಗನ ಫೋನಿನಲ್ಲಿ ಅವಳ ಮುಖ ಬಂತು. ಹಿಂದೆ ಕಟ್ಟಿದ ದೋಣಿಗಳು, ಗೋಡೆ ಮೇಲಿನ ಚಿತ್ರದಷ್ಟು ನೀಲಿ ಇಲ್ಲದ ನೀರು. ಮಗ "ಹ್ಯಾಂಗಿತ್ತು ಮಗಳೇ" ಅನ್ನೋದರೊಳಗೆ ನಾನು ಫೋನು ಕಸಿದುಕೊಂಡೆ.

"ಜಡಿ ತೋರ್ಸು."

"ಅಜ್ಜೀ..."

"ಬಿಚ್ಚಿ ಬುಡ ತೋರ್ಸು."

ಬಿಚ್ಚಿ ತೋರಿಸಿದಳು. ಒಣಗಿತ್ತು. ಆದರೆ ಸಮುದ್ರದ ಗಾಳಿಗೆ ಕೂದಲು ಒಣಗಲು ಎಷ್ಟು ಹೊತ್ತು? "ಎಡಗಿವಿ" ಅಂದೆ. ತಲೆ ವಾಲಿಸಿ ಫೋನಿಗೆ ಹಿಡಿದಳು. ಕಿವಿಯಲ್ಲಿ ಒಣ ಅರಳೆ ಇತ್ತು. ಬೆರಳಿಂದ ತೆಗೆದು ಎಳೆ ಎಳೆ ಬಿಡಿಸಿ ತೋರಿಸಿದಳು. ಒಂದು ಹನಿ ನೀರು ಬಿದ್ದಿದ್ದರೂ ಎಳೆಗಳು ಹಂಗೆ ಬಿಡುತ್ತಿರಲಿಲ್ಲ.

"ನಂಬಿದಿಯಾ?"

"ಹೂಂ. ಈಗ ಹೇಳು, ಏನು ನೋಡಿದಿ?"

ಪೆಟ್ಟಿಗೆಯೊಳಗಿಂದ ನೋಡಿದ್ದೆಲ್ಲ ಒಂದೇ ಉಸಿರಿಗೆ ಹೇಳಿದಳು. ಹೂಕೋಸಿನ ಹಾಗಿದ್ದದ್ದು, ಜಿಂಕೆ ಕೊಂಬಿನ ಹಾಗಿದ್ದದ್ದು, ಗಿಣಿ ಬಣ್ಣದ ಮೀನು ಹವಳ ಕಚ್ಚುತ್ತಿದ್ದದ್ದು. ಒಂದು ಕಡೆ ಹವಳವೆಲ್ಲ ಸತ್ತು ಸುಣ್ಣದ ಹಾಗೆ ಬೆಳ್ಳಗಾಗಿತ್ತಂತೆ. ಅದನ್ನೂ ಹುಡುಗರಿಗೆ ಹೇಳುತ್ತೇನೆ ಅಂದಳು.

"ಕೆಳಗ ಸಮುದ್ರ ಸುಮ್ಮನಿರಂಗಿಲ್ಲಂತ ಅಜ್ಜಿ. ಮಂಡಕ್ಕಿ ಭಟ್ಟಿ ಹಂಗ ಚಟಪಟ ಚಟಪಟ ಅಂತೈತಂತ. ಕನ್ನಡ ಟೀಚರ್ ಮ್ಯಾಲೆ ಬಂದ ಕೂಡ್ಲೆ ಮೊದಲು ಅದನ್ನ ಹೇಳಿದ್ರು."

"ನಿನಗ ಕೇಳ್ತಾ?"

"ಇಲ್ಲ" ಅಂದಳು. ಗೋಡೆಯನ್ನಾಗಲಿ ನೀರನ್ನಾಗಲಿ ನೋಡುತ್ತ ಅಲ್ಲ, ನೆಟ್ಟಗೆ ನನ್ನ ಮುಖ ನೋಡುತ್ತ.

"ಬಾ. ಮೊದಲು ಆ ತೂತಿಗೆ ತೇಪಿ ಹಾಕಿಸೋಣ. ಡಾಕ್ಟರು ಹೂಂ ಅಂದ ದಿನ ನಾನೇ ಆ ಮಹಡಿ ಹತ್ತಿ ಕೇಳ್ತೀನಿ. ಮಂಡಕ್ಕಿ ಸದ್ದು ಖರೇನೋ ಸುಳ್ಳೋ ನೀನು ಕೇಳಿ ಬಂದು ಹೇಳ್ಬೇಕು. ನಿಮ್ಮ ಕನ್ನಡ ಟೀಚರ್ ಮಾತು ನಾನು ನಂಬಂಗಿಲ್ಲ."